ಇದೆ ಅನ್ನಲಾರದವಳ ವೀಸಾ

ಇದ್ದದ್ದನ್ನು ಇದೆ ಎಂದು ಹೇಳುವುದು ನನಗೆ ಬರುವುದಿಲ್ಲ. ಇದು ಒಳ್ಳೆಯ ಗುಣ ಎಂದು ಹೇಳಿಕೊಳ್ಳುತ್ತಿಲ್ಲ; ಹೇಳಿಕೊಂಡರೆ ಅದೂ ಒಂದು ಇದೆ ಎಂದ ಹಾಗಾಯಿತು. ನಮ್ಮ ಕಡೆ ಎಲ್ಲರೂ ಹೀಗೇ. ಬಾಣಾವರದಿಂದ ಹಳೇಬೀಡಿಗೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರನ್ನು ಈ ಸಲ ಕಾಯಿ ಹೇಗೆ ಎಂದು ಕೇಳಿ ನೋಡಿ. ತೆಂಗಿನ ತೋಟದಲ್ಲಿ ಗೊನೆ ಭಾರಕ್ಕೆ ಗರಿ ಮುರಿಯುತ್ತಿದ್ದರೂ “ಎಲ್ಲಿ ಕಾಯಿ, ಎಳೇ ಹರಳೆಲ್ಲ ಉದುರೋದ್ವು” ಅನ್ನುತ್ತಾರೆ. ಹಸು ಎಷ್ಟು ಹಾಲು ಕರೆಯುತ್ತದೆ ಎಂದು ಕೇಳಿದರೆ ಅರ್ಧ ಹೇಳುತ್ತಾರೆ. ಕೂಸು ಗುಂಡಗಿದ್ದರೆ “ಯಾಕೋ ಸೊರಗ್ಬುಟ್ಟೈತೆ” ಅನ್ನುತ್ತಾರೆ. ಹಾಗೆ ಅಂದವರು ನಮ್ಮವರು. ಗುಂಡಗಿದೆ ಎಂದವರು ಹೊರಗಿನವರು, ಅವರು ಅತ್ತ ಹೋದ ಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಬೇಕು. ತೆಂಗಿಗೆ ನುಸಿ ರೋಗ ನಿಜವಾಗಿ ಬಂದ ವರ್ಷ ನಮಗೆ ಹೊಸದಾಗಿ ಹೇಳಿಕೊಳ್ಳಲು ಏನೂ ಇರಲಿಲ್ಲ. ಅದಕ್ಕೆ ಎಷ್ಟೋ ವರ್ಷ ಮುಂಚಿನಿಂದಲೇ ರೋಗ ಬಂದಿದೆ ಎಂದು ಹೇಳುತ್ತಾ ಬಂದಿದ್ದೆವು.

ನನ್ನ ಹೆಸರನ್ನೇ ನೋಡಿ, ತಿಪ್ಪಮ್ಮ. ನನಗಿಂತ ಮುಂಚೆ ಹುಟ್ಟಿದ ಮೂರು ಕೂಸು ಉಳಿಯಲಿಲ್ಲ. ನಾನು ಹುಟ್ಟಿದಾಗ ನಮ್ಮವ್ವ ನನ್ನನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸಿ, ಪಕ್ಕದ ಮನೆಯವಳ ಕೈಯಿಂದ ಎತ್ತಿಸಿ, ಯಾರೋ ಬಿಸಾಕಿ ಹೋದ ಕೂಸು ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಾ ಒಳಗೆ ತಂದಳಂತೆ. ಯಮ ಅಷ್ಟು ಸುಲಭಕ್ಕೆ ಮೋಸ ಹೋಗುತ್ತಾನೋ ಇಲ್ಲವೋ ಗೊತ್ತಿಲ್ಲ, ನಾನಂತೂ ಉಳಿದೆ. ಮದುವೆಯಾಗಿ ಬರುವಾಗ ಅವ್ವ ಕೊಟ್ಟ ಬುದ್ಧಿಮಾತೂ ಒಂದೇ: “ಎಲ್ಲ ಚೆನ್ನಾಗೈತೆ ಅಂತ ಮಾತ್ರ ಯಾರತ್ರನೂ ಅನ್ಬ್ಯಾಡ ಕಣೇ.” ಅನ್ನಲಿಲ್ಲ. ಗಂಡನ ಎದುರಿಗೆ ಒಂದು ದಿನವೂ ಒಂದು ಒಳ್ಳೆಯ ಮಾತು ಆಡಲಿಲ್ಲ. ಅವರೂ ಆಡಲಿಲ್ಲ. ನಲವತ್ತು ವರ್ಷ ಹೀಗೆ ಜೋಪಾನವಾಗಿ ಸಂಸಾರ ಮಾಡಿದೆವು. ಅವರಿಗೆ ಯಾರ ದೃಷ್ಟಿಯೂ ತಾಗಲಿಲ್ಲ. ಸಕ್ಕರೆ ಕಾಯಿಲೆ ಬಂದು ಹೋದರು.

ಇಂಥ ನನಗೆ ಹೊರದೇಶಕ್ಕೆ ಹೋಗಿ ಪಾಠ ಹೇಳುವ ಕರೆ ಬಂದದ್ದು ಕೌದಿಯಿಂದ. ಹಳೆಯ ಸೀರೆ, ಪಂಚೆ, ಹರಿದ ಲಂಗ ಎಲ್ಲವನ್ನೂ ಪದರ ಪದರ ಹಾಕಿ ಕೈಯಲ್ಲೇ ಹೊಲಿದು ಹೊದೆಯುವುದು ಮಾಡುತ್ತೇವಲ್ಲ, ಅದು. ನಮ್ಮವ್ವನಿಂದ ಕಲಿತೆ. ಆಮೇಲೆ ನಮ್ಮ ಮೈದುನನ ಹೆಂಡತಿ, ಅಂದರೆ ನನ್ನ ವಾರಗಿತ್ತಿ ನಿಂಗಮ್ಮನಿಗೆ ಕಲಿಸಿದೆ. ಅವಳಿಗೆ ಕೈ ಓಡುವುದಕ್ಕಿಂತ ಬಾಯಿ ಓಡುವುದು ಹೆಚ್ಚು. ಒಂದು ದಿನ ನಾವಿಬ್ಬರೂ ಜಗಲಿಯ ಮೇಲೆ ಕೂತು ಹೊಲಿಯುತ್ತಿದ್ದಾಗ ಒಂದು ಕಾರು ಮುಂದೆ ಹೋಗಿ, ನಿಂತು, ಹಿಂದಕ್ಕೆ ಬಂತು. ಬೇಲಿಯ ಮೇಲೆ ಒಣಗಲು ಹಾಕಿದ್ದ ಕೌದಿ ಕಣ್ಣಿಗೆ ಬಿದ್ದಿತ್ತು. ಬೇಲೂರಿನ ಕಡೆಯ ಒಬ್ಬ ಕಾಲೇಜು ಮೇಡಂ, ಅವರ ಜೊತೆಗೆ ಒಬ್ಬ ಬಿಳಿ ಹೆಂಗಸು. ಆಕೆ ಅವರ ದೇಶದ ಯಾವುದೋ ಶಾಲೆಯಲ್ಲಿ ಮಕ್ಕಳಿಗೆ ಕೈಕೆಲಸ ಹೇಳಿಕೊಡುವವಳಂತೆ. ಹಳೇಬೀಡಿನ ಗುಡಿ ನೋಡಿಕೊಂಡು ಬರುತ್ತಿದ್ದರು. ಅಷ್ಟು ಜನ ಅಷ್ಟು ವರ್ಷ ಕೂತು ಕೆತ್ತಿದ ಗುಡಿಯನ್ನು ಒಂದು ಗಂಟೆಯಲ್ಲಿ ನೋಡಿ ಮುಗಿಸಿದವಳು ನನ್ನ ಹರಕು ಕೌದಿಯ ಮುಂದೆ ಮಧ್ಯಾಹ್ನದವರೆಗೂ ಕೂತಳು. ಮೂಲೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಮ್ಮ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರಬೇಕು. ಮೂಲೆಗೆ ಬಂದಾಗ ಬಟ್ಟೆ ನೆರಿಗೆ ಕಟ್ಟದ ಹಾಗೆ ತಿರುಗುವುದೇ ಅದರಲ್ಲಿರುವ ಕಷ್ಟ. ನಿಂಗಿಗೆ ಇವತ್ತಿಗೂ ಅದು ಬರುವುದಿಲ್ಲ; ಅವಳ ಕೌದಿಯ ಮೂಲೆಯನ್ನು ನಾನೇ ಹೊಲಿದು ಕೊಡುತ್ತೇನೆ. ಮೇಡಂ “ಇದನ್ನ ಯಾರು ಹೊಲಿದದ್ದು?” ಎಂದು ಕೇಳಿದರು. ನಾನು “ಯಾರೋ ಹೊಲ್ದಿದ್ದು, ಹಳೇದು” ಎಂದೆ. ನಿಂಗಿ “ಇವ್ಳೇ ಕಣ್ರೀ ನಮ್ಮಕ್ಕ ಹೊಲ್ದಿದ್ದು, ನನ್ಗೂ ಬತ್ತದೆ” ಎಂದಳು. ಅವಳು ಹಾಗೆ ಅಂದದ್ದಕ್ಕೇ ಕಾಗದ ಬಂದದ್ದು. ಇಬ್ಬರ ಹೆಸರಿಗೂ ಬಂತು. ಅವರ ಶಾಲೆಯಲ್ಲಿ ಐದು ತಿಂಗಳು ಇದ್ದು ಮಕ್ಕಳಿಗೆ ಕೌದಿ ಹೊಲಿಯುವುದನ್ನು ಕಲಿಸಬೇಕು, ಅವರ ಕೆಲಸವನ್ನು ನಾವು ಕಲಿಯಬೇಕು, ಆಮೇಲೆ ತಪ್ಪದೆ ಊರಿಗೆ ಬರಬೇಕು. ಸಂಸ್ಕೃತಿ ವಿನಿಮಯದ ವೀಸಾ ಅಂತ ಅದಕ್ಕೆ ಹೆಸರು.

ನನಗೆ ಹೋಗಬೇಕು ಅನ್ನಿಸಿತು. ಇಲ್ಲಿ ಬರೆಯುತ್ತಿರುವುದರಿಂದ ಹೇಳುತ್ತಿದ್ದೇನೆ, ಆಗ ಯಾರಿಗೂ ಹೇಳಲಿಲ್ಲ. ಎಪ್ಪತ್ತು ದಾಟಿದವಳಿಗೆ ಆಸೆ ಹುಟ್ಟಿದರೆ ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಎರಡನೇ ಕ್ಲಾಸಿನಲ್ಲಿ ನನ್ನನ್ನು ಶಾಲೆ ಬಿಡಿಸಿ ತಮ್ಮನನ್ನು ಎತ್ತಿಕೊಳ್ಳಲು ಕೂರಿಸಿದ್ದರು. ಮೇಷ್ಟ್ರ ಎದುರಿಗೆ ನಾನು ಕೂತದ್ದು ಅಷ್ಟೇ. ಇಷ್ಟು ವರ್ಷದಲ್ಲಿ ಅದನ್ನು ಮಾಡು ಇದನ್ನು ಮಾಡು ಎಂದು ಎಲ್ಲರೂ ಹೇಳಿದ್ದಾರೆ, ನೀನು ಬಂದು ನಮಗೆ ಹೇಳಿಕೊಡು ಎಂದು ಕೇಳಿದವರು ಯಾರೂ ಇರಲಿಲ್ಲ. ಸಾಯುವುದರೊಳಗೆ ಒಂದು ಸಲ ಮಕ್ಕಳ ಎದುರಿಗೆ ನಿಂತು “ಹಂಗಲ್ಲ, ಹಿಂಗೆ” ಅನ್ನಬೇಕು ಅನ್ನಿಸಿತು. ಅವರು ಬಿಳಿ ಮಕ್ಕಳಾದರೂ ಸರಿ. ಆದರೆ ಮನೆಯಲ್ಲಿ ನಾನು ಆಡಿದ ಮಾತು ಇದು: “ನಂಗೇನ್ ಬೇಕಾಗಿಲ್ಲ. ನಿಂಗಿ ಒಬ್ಳೇ ಹೋದ್ರೆ ಕಳ್ದೋಗ್ತಾಳೆ, ಅದಕ್ಕೆ ಜೊತೆಗೆ ಹೋಯ್ತೀನಿ.”

ಅರ್ಜಿ ತುಂಬಿಸಲು ಅರಸೀಕೆರೆಗೆ ಹೋದೆವು. ರೈಲ್ವೆ ಸ್ಟೇಷನ್ನಿನಿಂದ ಬರುವ ದಾರಿಯಲ್ಲಿ ಚಂದ್ರಣ್ಣ ಅನ್ನುವವರ ಕಂಪ್ಯೂಟರ್ ಅಂಗಡಿ ಇದೆ. ಪಹಣಿ ತೆಗೆಸುವುದು, ಪಿಂಚಣಿ ಅರ್ಜಿ ಹಾಕುವುದು ಎಲ್ಲ ಅಲ್ಲೇ. ಐವತ್ತು ದಾಟಿದ ಮನುಷ್ಯ, ಬಹಳ ತಾಳ್ಮೆ. ಹುಟ್ಟಿದ ತಾರೀಕು ಕೇಳಿದರು. ಇಬ್ಬರ ಆಧಾರ್ ಕಾರ್ಡಿನಲ್ಲೂ ಜನವರಿ ಒಂದು ಎಂದಿತ್ತು. ನಮ್ಮೂರಿನ ಮುದುಕ ಮುದುಕಿಯರೆಲ್ಲ ಜನವರಿ ಒಂದನೇ ತಾರೀಕೇ ಹುಟ್ಟಿದವರು; ಆವತ್ತು ಸೂಲಗಿತ್ತಿಗೆ ಪುರುಸೊತ್ತೇ ಇದ್ದಿರಲಾರದು. ಫೋಟೋ ತೆಗೆಯುವವನು ನಗಬಾರದು, ಹಲ್ಲು ಕಾಣಬಾರದು ಎಂದ. ಅದೊಂದರಲ್ಲಿ ನನಗೆ ಯಾವ ತೊಂದರೆಯೂ ಆಗಲಿಲ್ಲ. ಒಂದೇ ಸಲಕ್ಕೆ ಪಾಸಾಯಿತು. ನಿಂಗಿಯದನ್ನು ನಾಲ್ಕು ಸಲ ತೆಗೆದರು.

ಆಮೇಲೆ ಚಂದ್ರಣ್ಣ ಒಂದೊಂದೇ ಪ್ರಶ್ನೆ ಓದಿ ಕನ್ನಡದಲ್ಲಿ ಹೇಳಿದರು. ನೀವು ಯಾವುದಾದರೂ ಸೈನ್ಯದಲ್ಲಿ ಇದ್ದಿರಾ, ಬಾಂಬು ಮಾಡುವ ತರಬೇತಿ ಪಡೆದಿದ್ದೀರಾ, ಸರ್ಕಾರ ಉರುಳಿಸಲು ಹೋಗಿದ್ದಿರಾ. ನಾನು ಎಲ್ಲಕ್ಕೂ ಇಲ್ಲ ಇಲ್ಲ ಎಂದೆ. ನನ್ನ ಜನ್ಮದಲ್ಲಿ ಇಷ್ಟೊಂದು ಇಲ್ಲವನ್ನು ಯಾರೂ ಒಟ್ಟಿಗೆ ಕೇಳಿರಲಿಲ್ಲ, ಬಾಯಿಗೆ ಹಿತವಾಗಿತ್ತು. “ಯಾರನ್ನಾದ್ರೂ ಕೊಲ್ಲೋ ಸಂಚು ಮಾಡಿದ್ರಾ ಅಂತ ಕೇಳವ್ರೆ ಕಣಮ್ಮ” ಎಂದರು ಚಂದ್ರಣ್ಣ. ನಿಂಗಿ ಸ್ವಲ್ಪ ಯೋಚನೆ ಮಾಡಿ, “ನಮ್ಮತ್ತೆ ಬದುಕಿದ್ದಾಗ ಒಂದೆರಡು ಸಲ ಮನ್ಸಿಗೆ ಬಂದಿತ್ತು, ಬೇಕಾದ್ರೆ ಬರ್ಕೊಳಪ್ಪ” ಎಂದಳು. “ಮನ್ಸಿಗೆ ಬಂದಿದ್ದಕ್ಕೆಲ್ಲ ಇಲ್ಲಿ ಜಾಗ ಇಲ್ಲ ಕಣವ್ವ” ಎಂದು ಅವರು ಇಲ್ಲ ಎಂದೇ ಒತ್ತಿದರು.

ನಮ್ಮ ಮನೆಯಲ್ಲಿ ನಾನು, ಮಗ ರಮೇಶ, ಸೊಸೆ ಶೋಭಾ. ಮಗ ತೋಟ ನೋಡಿಕೊಳ್ಳುತ್ತಾನೆ. ಶೋಭಾ ಊರಿನ ಅಂಗನವಾಡಿಯಲ್ಲಿ ಟೀಚರು. ನನಗೆ ಮರೆತುಹೋಗಿದ್ದ ಅಕ್ಷರ ಮತ್ತೆ ಬಂದದ್ದು ಅವಳ ಅಂಗನವಾಡಿಯ ಗೋಡೆ ನೋಡಿಕೊಂಡು. ಬೆಂಗಳೂರಿನಲ್ಲಿ ಸಂದರ್ಶನ ಎಂದು ಗೊತ್ತಾದಾಗ ಅವಳು ನನ್ನನ್ನು ಎದುರಿಗೆ ಕೂರಿಸಿಕೊಂಡಳು. “ಅತ್ತೆ, ಅವರಿಗೆ ಒಂದೇ ಭಯ. ಹೋದವರು ವಾಪಸ್ ಬರ್ತಾರೋ ಇಲ್ವೋ ಅಂತ. ಇಲ್ಲಿ ನಿಮಗೆ ಮನೆ ಇದೆ, ತೋಟ ಇದೆ, ನೋಡ್ಕೊಳ್ಳೋರಿದ್ದಾರೆ ಅಂತ ಗೊತ್ತಾದ್ರೆ ಸಾಕು. ಎಲ್ಲ ಇದೆ ಅಂತ ಹೇಳಿ.” ನಾನು ಹೂಂ ಎಂದೆ. ಪಹಣಿ, ಮನೆ ಕಂದಾಯದ ರಸೀದಿ, ಪಡಿತರ ಚೀಟಿ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಕೊಟ್ಟಳು. ನಿಂಗಿ ಮಾಲೇಕಲ್ಲಿನ ಬೆಟ್ಟದ ಗುಡಿಯ ಮೆಟ್ಟಿಲು ಹತ್ತಿ, ವೀಸಾ ಸಿಕ್ಕರೆ ಮುಡಿ ಕೊಡುತ್ತೇನೆ ಎಂದು ಊರಿಗೆಲ್ಲ ಸಾರಿ ಹರಸಿಕೊಂಡು ಬಂದಳು. ನನಗೆ ಮಂಡಿ ನೋವು. ಕೆಳಗೇ ನಿಂತು, ಏನು ಬೇಕು ಎಂದು ದೇವರಿಗೂ ಸರಿಯಾಗಿ ಹೇಳದೆ ಕೈಮುಗಿದೆ.

ಬೆಂಗಳೂರಿನ ಆ ಆಫೀಸಿನಲ್ಲಿ ಗಾಜಿನ ಕಿಟಕಿಗಳು ಸಾಲಾಗಿದ್ದವು. ಒಳಗೆ ಒಬ್ಬ ಬಿಳಿ ಸಾಹೇಬ, ಪಕ್ಕದಲ್ಲಿ ನಮ್ಮ ಮಾತನ್ನು ಅವನಿಗೆ, ಅವನ ಮಾತನ್ನು ನಮಗೆ ಹೇಳುವ ಒಬ್ಬ ಹೆಂಗಸು. ನಿಂಗಿ ಮುಂದೆ, ನಾನು ಹಿಂದೆ. ಅವಳು ಹೇಳುವುದೆಲ್ಲ ನನಗೆ ಕೇಳುತ್ತಿತ್ತು. ಸಾಹೇಬ ಚೀಲದ ಕಾಗದ ಒಂದನ್ನೂ ಮುಟ್ಟಲಿಲ್ಲ. ಬಾಯಿಮಾತು ಮಾತ್ರ.

“ಜಮೀನು ಇದೆಯಾ ಅಮ್ಮ?”

“ಐತೆ ಕಣವ್ವ. ಎರಡು ಎಕ್ರೆ ತೆಂಗಿನ ತೋಟ, ಬೋರ್‌ವೆಲ್ಲು, ಒಂದು ಮರ ಅಂದ್ರೆ ಒಂದು ಮರ ಖಾಲಿ ಇಲ್ಲ. ಕೆರೆ ಹಿಂದ್ಗಡೆ ರಾಗಿ ಹೊಲ. ಹಸು ಐತೆ, ಬೆಳಿಗ್ಗೆ ಆರು ಲೀಟ್ರು, ಸಂಜೆ ಐದು. ಹೆಂಚಿನ ಮನೆ, ಹಿತ್ತಲಾಗೆ ಹುಣ್ಸೆಮರ.”

ಕೆರೆ ಹಿಂದಿನ ರಾಗಿ ಹೊಲ ಅವಳದು. ಮಿಕ್ಕದ್ದೆಲ್ಲ ನನ್ನದು. ಪಾಲಾಗಿ ಇಪ್ಪತ್ತು ವರ್ಷವಾಗಿದ್ದರೂ ಅವಳ ಬಾಯಲ್ಲಿ ಇನ್ನೂ ಪಾಲಾಗಿಲ್ಲ. ನನಗೆ ಕೋಪ ಬರಲಿಲ್ಲ, ಹೆದರಿಕೆಯಾಯಿತು. ಗೊತ್ತಿಲ್ಲದ ಮನುಷ್ಯನ ಮುಂದೆ, ಅದೂ ಬೆಕ್ಕಿನ ಕಣ್ಣಿನವನ ಮುಂದೆ, ಮರದ ಮೇಲಿನ ಕಾಯಿ, ಹಸುವಿನ ಲೀಟರು ಎಲ್ಲವನ್ನೂ ಬಿಚ್ಚಿ ಹರವಿಬಿಟ್ಟಳಲ್ಲ ಎಂದು. ದೃಷ್ಟಿ ತಾಗದಿರಲಿ ಎಂದು ಸೆರಗಿನ ಮರೆಯಲ್ಲಿ ನೆಟಿಗೆ ಮುರಿದುಕೊಂಡೆ. ಅವಳು ಏರಿಸಿದ್ದನ್ನು ಇಳಿಸುವುದಕ್ಕೆ ಮನೆಯವರು ಒಬ್ಬರಾದರೂ ಬೇಕಲ್ಲ. ಆ ಕೆಲಸ ನನ್ನ ತಲೆಯ ಮೇಲೆ ಬಿತ್ತು ಎಂದುಕೊಂಡೇ ಕಿಟಕಿಯ ಹತ್ತಿರ ಹೋದೆ. ಶೋಭಾ ಹೇಳಿಕೊಟ್ಟದ್ದು ಒಂದು ಮಾತೂ ನೆನಪಿಗೆ ಬರಲಿಲ್ಲ.

“ಅಜ್ಜಿ, ನಿಮಗೂ ಜಮೀನಿದೆಯಾ?”

“ಏನ್ ಜಮೀನವ್ವ. ಒಂದಿಷ್ಟು ಕಲ್ಲು. ನಾಕು ಮರ ಅವೆ, ಅವಕ್ಕೂ ರೋಗ.”

“ಹಸು?”

“ಮುದಿ ಹಸು. ಕಾಫಿಗೂ ಆಗಲ್ಲ.”

“ಮಕ್ಕಳು?”

“ಒಬ್ಬ ಅವ್ನೆ. ಅವ್ನ ಪಾಡು ಅವ್ನಿಗೆ.”

“ಮನೇಲಿ ನಿಮ್ಮನ್ನ ಯಾರು ನೋಡ್ಕೊಳ್ತಾರೆ?”

“ಈ ಕಾಲ್ದಾಗೆ ಯಾರು ಯಾರ್ನ ನೋಡ್ಕೊತಾರೆ.”

ಸಾಹೇಬ ತಲೆ ಎತ್ತಿ ನನ್ನ ಮುಖ ನೋಡಿದ. ಏನೋ ಕೇಳಿದ. ಆ ಹೆಂಗಸು, “ಕೌದಿ ಹೊಲಿಯೋದರಲ್ಲಿ ನೀವು ಬಹಳ ಚೆನ್ನಾಗಿ ಪಳಗಿದವರಂತೆ, ಹೌದಾ?” ಎಂದಳು.

“ನಂಗೇನ್ ಬತ್ತದೆ. ಚಳಿಗೆ ಹರಕು ಪರಕು ಸೇರ್ಸಿ ಹೊಲಿತೀನಿ.”

“ಮತ್ತೆ ಯಾಕೆ ಹೋಗ್ತಿದ್ದೀರಿ?”

“ಕರ್ದವ್ರೆ. ಬರಲ್ಲ ಅಂದ್ರೆ ತಪ್ಪಾಯ್ತದೆ.”

“ಐದು ತಿಂಗಳಾದ ಮೇಲೆ ವಾಪಸ್ ಬರ್ತೀರಾ?”

ಇಲ್ಲಿಯಾದರೂ ಬರುತ್ತೇನೆ ಎಂದಿದ್ದರೆ ಆಗುತ್ತಿತ್ತೋ ಏನೋ. ಆದರೆ ಐದು ತಿಂಗಳ ಮುಂದಿನ ಮಾತನ್ನು ಗಟ್ಟಿಯಾಗಿ ಆಡುವಷ್ಟು ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. “ಅದು ನಮ್ಮ ಕೈಯಾಗೆ ಐತಾ? ಬದುಕಿದ್ರೆ ಬತ್ತೀನಿ” ಎಂದೆ. ನಿಂಗಿಯ ಪಾಸ್‌ಪೋರ್ಟನ್ನು ಒಳಗೆ ಇಟ್ಟುಕೊಂಡರು. ನನ್ನದನ್ನು ಒಂದು ಚೀಟಿಯ ಜೊತೆಗೆ ಕೈಗೆ ವಾಪಸ್ ಕೊಟ್ಟರು. ಇಟ್ಟುಕೊಂಡರೆ ಸಿಕ್ಕಿದ ಹಾಗೆ, ಕೊಟ್ಟರೆ ಇಲ್ಲ ಎಂದ ಹಾಗೆ ಎಂದು ಆ ಹೆಂಗಸು ಮೆಲ್ಲಗೆ ತಿಳಿಸಿದಳು.

ವಾಪಸ್ ಬರುವಾಗ ರೈಲಿನಲ್ಲಿ ನಿಂಗಿ ತುಮಕೂರು ದಾಟುವವರೆಗೂ ಮಾತಾಡಲಿಲ್ಲ. ಅವಳಿಗೆ ಹುಷಾರಿಲ್ಲವೇನೋ ಎಂದುಕೊಂಡೆ. ಆಮೇಲೆ ಕಿಟಕಿ ನೋಡಿಕೊಂಡೇ, “ಅಕ್ಕ, ನಿನ್ ತೋಟ ತೋರ್ಸಿ ನಾನು ಹೊಂಟಂಗಾಯ್ತು” ಎಂದಳು.

“ತೋಟ ಅಲ್ಲೇ ಐತೆ. ನೀನೇನ್ ಹೊತ್ಕೊಂಡು ಹೋಗಲ್ವಲ್ಲ.”

“ನಂಗೆ ಮೂಲೆ ತಿರ್ಗ್ಸಕ್ಕೆ ಬರಲ್ಲ ಕಣಕ್ಕ. ಅಲ್ಲೋಗಿ ಏನ್ ಕಲಿಸ್ಲಿ?”

“ಮೂಲೆ ಇಲ್ದಂಗೆ ಹೊಲಿ. ಅವ್ರಿಗೇನ್ ಗೊತ್ತಾಯ್ತದೆ.”

ಅವಳಿಗೆ ನಗು ಬಂತು. ನನಗೆ ಬರಲಿಲ್ಲ. ಬಾಣಾವರದಲ್ಲಿ ಇಳಿದಾಗ ನನ್ನ ಕೈಯಲ್ಲಿದ್ದ ಚೀಟಿ ಬೆವರಿಗೆ ಮೆತ್ತಗಾಗಿತ್ತು. ಊರಿನಲ್ಲಿ ಕೇಳಿದವರಿಗೆಲ್ಲ, ಅಷ್ಟು ದೂರ ಯಾರು ಹೋಗ್ತಾರೆ, ನಾನೇ ಬೇಡ ಅಂದೆ ಎಂದು ಹೇಳಿದೆ. ಎಲ್ಲರೂ ಒಳ್ಳೆಯದಾಯಿತು ಎಂದರು. ಅಷ್ಟು ಬೇಗ ಎಲ್ಲರೂ ಒಪ್ಪಿಕೊಂಡದ್ದು ನನಗೆ ಸರಿಕಾಣಲಿಲ್ಲ.

ಶೋಭಾ ಒಬ್ಬಳು ಒಪ್ಪಲಿಲ್ಲ. ನಾನು ಏನೇನು ಹೇಳಿದೆ ಎಂಬುದನ್ನು ನಿಂಗಿಯ ಬಾಯಿಂದ ಕೇಳಿಕೊಂಡಿದ್ದಳು. ಯಾರೂ ನೋಡಿಕೊಳ್ಳುವುದಿಲ್ಲ ಎಂದೆನಲ್ಲ, ಅದನ್ನೂ ಕೇಳಿರಬೇಕು. ಅದರ ಬಗ್ಗೆ ಮಾತ್ರ ಒಂದು ಮಾತೂ ಎತ್ತಲಿಲ್ಲ. “ಇನ್ನೊಂದು ಸಲ ಅರ್ಜಿ ಹಾಕಬಹುದಂತೆ ಅತ್ತೆ. ಆ ಶಾಲೆಯವರೂ ಬರೆದಿದ್ದಾರೆ, ನೀವು ಬರಲೇಬೇಕಂತೆ. ಇವತ್ತಿಂದ ನೀವು ದಿನಾ ಅಭ್ಯಾಸ ಮಾಡಬೇಕು” ಎಂದಳು. ಅಂಗನವಾಡಿಯ ಕೂಸುಗಳನ್ನು ಮನೆಗೆ ಕಳಿಸಿದ ಮೇಲೆ ನನ್ನನ್ನು ಅಲ್ಲಿಗೆ ಕರೆಸಿ ಸಣ್ಣ ಕುರ್ಚಿಯ ಮೇಲೆ ಕೂರಿಸಿ ತಾನು ಸಾಹೇಬನಾದಳು. “ಜಮೀನು ಇದೆಯಾ?” “ಇ...” ಎಂದವಳು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. “ಐತೆ ಅನ್ನಿ ಅತ್ತೆ.” “ಐತೆ, ಆದ್ರೆ...” “ಆದ್ರೆ ಬೇಡ.” ಮುದುಕಿಗೆ ಅ ಆ ಇ ಈ ಕಲಿಸುವುದು ಸುಲಭ, ಐತೆ ಕಲಿಸುವುದು ಕಷ್ಟ ಎಂದು ಅವಳಿಗೆ ಆಗ ಗೊತ್ತಾಯಿತು. ಎಂಟು ಹತ್ತು ದಿನ ಕಳೆದ ಮೇಲೆ ಒಂದು ಸಂಜೆ ಹೇಗೋ ಧೈರ್ಯ ಮಾಡಿ, “ನಮ್ ಹಸು ಹನ್ನೊಂದು ಲೀಟ್ರು ಕರಿತದೆ” ಎಂದು ಬಾಯಿ ಬಿಟ್ಟು ಹೇಳಿದೆ. ಅವಳು ಚಪ್ಪಾಳೆ ತಟ್ಟಿದಳು. ನನಗೂ ಒಂಥರಾ ಹಗುರವಾಯಿತು.

ಮೂರನೇ ದಿನಕ್ಕೆ ಹಸುವಿಗೆ ಕೆಚ್ಚಲು ಬಾವು ಬಂತು. ಬಾಣಾವರದಿಂದ ಪಶು ಡಾಕ್ಟರು ಬಂದು, ಕೊಟ್ಟಿಗೆಯ ನೆಲ ಒದ್ದೆಯಿದ್ದರೆ ಹೀಗಾಗುತ್ತದೆ, ನೆಲ ಒಣಗಿಸಿಕೊಳ್ಳಿ ಎಂದು ಸೂಜಿ ಚುಚ್ಚಿ ಹೋದರು. ಒಂದು ಮೊಲೆ ಬತ್ತಿಯೇ ಹೋಯಿತು. ಶೋಭಾ ನೆಲದ ಮೇಲೆ ತಪ್ಪು ಹಾಕಿದಳು. ಆ ನೆಲ ಮೂವತ್ತು ವರ್ಷದಿಂದಲೂ ಒದ್ದೆ. ಹಸುವಿನ ಮೈ ಸವರುತ್ತಾ, ನಿನ್ನ ಒಂದು ಮೊಲೆ ನನ್ನ ವೀಸಾಕ್ಕೆ ಹೋಯಿತಲ್ಲೇ ಎಂದುಕೊಂಡೆ. ಅದು ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಅಷ್ಟು ಕಳೆದುಕೊಂಡ ಮೇಲೆ ಹೋಗದೆ ಬಿಡುವುದೂ ತಪ್ಪು ಎಂಬ ಹಟ ಬಂತು.

ಎರಡನೇ ಸಲ ನಿಂಗಿ ಬರಲಿಲ್ಲ, ಶೋಭಾ ರಜಾ ಹಾಕಿ ಜೊತೆಗೆ ಬಂದಳು. ಒಳಗೆ ಬಿಡುವುದು ಅರ್ಜಿ ಹಾಕಿದವರನ್ನು ಮಾತ್ರ. ಅವಳು ರಸ್ತೆಯ ಆಚೆ ಹೊಂಗೆಮರದ ಕೆಳಗೆ ಬುತ್ತಿ ಚೀಲ ಇಟ್ಟುಕೊಂಡು ನಿಂತಳು. ಒಳಗೆ ಸಾಹೇಬ ಬೇರೆ, ಹೆಂಗಸು ಅವಳೇ. ನನ್ನ ಗುರುತು ಸಿಕ್ಕಿತು, ಅವಳ ಮುಖದಲ್ಲಿ ಗೊತ್ತಾಯಿತು. ಜಮೀನು ಇದೆಯಾ ಎಂದು ಕೇಳಿದಳು. ಕಣ್ಣು ಮುಚ್ಚಿಕೊಂಡು ಶುರು ಮಾಡಿದೆ.

“ಐತೆ. ಎರಡು ಎಕ್ರೆ ತೋಟ, ನಮ್ಮೆಜಮಾನ್ರು ನೀರು ಹೊತ್ತು ಬೆಳ್ಸಿದ್ದು. ಮರ ಎಲ್ಲ ಗಟ್ಯಾಗವೆ. ಹಸು ಐತೆ, ಈಗ ಮೂರೇ ಮೊಲ್ಯಾಗೆ ಕರಿತದೆ, ಆದ್ರೂ ಒಳ್ಳೇ ಹಸು. ಮಗ ಒಬ್ನೇ, ಕುಡಿಯಲ್ಲ, ಸುಳ್ಳಾಡಲ್ಲ. ಕೌದಿ ಹೊಲಿಯದು ಕೇಳ್ತೀಯಾ, ನಮ್ಮ ಹೋಬಳೀಲಿ ನನ್ನಂಗೆ ಮೂಲೆ ತಿರ್ಗ್ಸೋರು ಇನ್ನೊಬ್ರಿಲ್ಲ.”

ಆ ಹೆಂಗಸು ಬೆರಗಾಗಿ ನನ್ನನ್ನೇ ನೋಡಿ, ಆಮೇಲೆ ಎಲ್ಲವನ್ನೂ ಸಾಹೇಬನಿಗೆ ಹೇಳಿದಳು. “ಮನೇಲಿ ನೋಡ್ಕೊಳ್ಳೋರು?” ಎಂದಳು.

“ಸೊಸೆ ಅವ್ಳೆ. ಶೋಭಾ ಅಂತ. ನಂಗೆ ಮಂಡಿ ನೋವು, ದಿನಾ ಸಂಜೆ ಎಣ್ಣೆ ಕಾಯ್ಸಿ ತಿಕ್ತಾಳೆ. ನಾನು ಹೇಳಕ್ ಮುಂಚೆ ಬಿಸ್ನೀರು ತಂದು ಇಡ್ತಾಳೆ. ನಾನು ಎಷ್ಟು ಅಂದ್ರೂ ಎದುರು ಮಾತಾಡ್ದವಳಲ್ಲ. ಹೆತ್ತ ಮಗಳಿದ್ದಿದ್ರೂ ಇಷ್ಟು ಮಾಡ್ತಿರ್ಲಿಲ್ಲ. ಅವಳನ್ನ ಬಿಟ್ಟು ಅಲ್ಲೇ ಕೂರಕ್ಕೆ ನಂಗೇನ್ ಹುಚ್ಚಾ? ಬತ್ತೀನಿ. ಐದ್ ತಿಂಗ್ಳಿಗೆ ಒಂದ್ ದಿನ ಜಾಸ್ತಿ ಇರಲ್ಲ.”

ಇಷ್ಟು ಹೇಳುವಷ್ಟರಲ್ಲಿ ಬೆವತು ಹೋಗಿದ್ದೆ. ಸಾಹೇಬ ಕಂಪ್ಯೂಟರಿನಲ್ಲಿ ಏನೋ ಹುಡುಕಿ ಓದಿದ. ಹಣೆ ಉಜ್ಜಿಕೊಂಡ. ಆ ಹೆಂಗಸು ತಗ್ಗಿದ ದನಿಯಲ್ಲಿ, “ಅಜ್ಜಿ, ಹೋದ್ಸಲ ನೀವು ತೋಟಕ್ಕೆ ರೋಗ, ಹಸು ಹಾಲು ಕೊಡಲ್ಲ, ಕೆಲಸ ಬರಲ್ಲ, ನೋಡ್ಕೊಳ್ಳೋರು ಯಾರೂ ಇಲ್ಲ ಅಂದಿದ್ರಿ. ಎಲ್ಲ ಬರ್ದಿಟ್ಟಿದ್ದಾರೆ. ಯಾವುದು ನಿಜ ಅಂತ ಕೇಳ್ತಿದ್ದಾರೆ” ಎಂದಳು.

“ಹೋದ್ಸಲ ಹೇಳಿದ್ದು ಮರ್ಯಾದೆಗೆ. ಈ ಸಲ ಹೇಳಿದ್ದು ನಿಜ.”

ಅವಳಿಗೆ ನನ್ನ ಮಾತು ಅರ್ಥವಾಯಿತು. ಅವಳ ಮನೆಯಲ್ಲೂ ಇಂಥ ಒಬ್ಬ ಅಜ್ಜಿ ಇದ್ದಿರಬೇಕು. ಆದರೆ ಅರ್ಥವಾದದ್ದನ್ನು ಅವನ ಭಾಷೆಯಲ್ಲಿ ಹೇಗೆ ಹೇಳುವುದು ಎಂದು ಗೊತ್ತಾಗದೆ ಕೊನೆಗೆ ಮೂರು ನಾಲ್ಕು ಮಾತಿನಲ್ಲಿ ಏನೋ ಹೇಳಿದಳು. ಅಷ್ಟರಲ್ಲಿ ಅದು ಮುಗಿಯುವಂಥದ್ದಲ್ಲ ಎಂದು ನನಗೇ ಗೊತ್ತಾಗುತ್ತಿತ್ತು. ಪಾಸ್‌ಪೋರ್ಟು ವಾಪಸ್ ಬಂತು, ಅದೇ ಥರದ ಚೀಟಿ. ಮೊದಲ ಸಲ ಏನೂ ಇಲ್ಲದವಳು ಎಂದು ಬೇಡವಾದೆ, ಎರಡನೇ ಸಲ ಸುಳ್ಳಿ ಎಂದು ಬೇಡವಾದೆ. ಸಾಹೇಬರ ಮೇಲೆ ನನಗೆ ಕೋಪವಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೂ ಇಂಥ ಮುದುಕಿಯನ್ನು ನಂಬುತ್ತಿರಲಿಲ್ಲ.

ಹೊರಗೆ ಬಂದೆ. ಶೋಭಾ ನನ್ನ ಕೈಯಲ್ಲಿದ್ದ ಪಾಸ್‌ಪೋರ್ಟು ನೋಡಿಯೇ ತಿಳಿದುಕೊಂಡಳು. ಇನ್ನೇನೂ ಕೇಳದೆ ಮರದ ಕೆಳಗಿನ ಕಟ್ಟೆ ಒರೆಸಿ ಕೂರಿಸಿದಳು, ಬುತ್ತಿ ಬಿಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ, “ಏನೇನು ಕೇಳಿದ್ರು ಅತ್ತೆ?” ಎಂದಳು.

“ಅದೇ. ಜಮೀನು, ಹಸು.”

“ಐತೆ ಅಂದ್ರಾ?”

“ಅಂದೆ.”

“ನೋಡ್ಕೊಳ್ಳೋರು ಯಾರು ಅಂತ ಕೇಳಲಿಲ್ವಾ?”

“ಅದೆಲ್ಲ ಅವ್ರಿಗ್ಯಾಕೆ” ಎಂದೆ. ಅವಳು ತಲೆ ತಗ್ಗಿಸಿಕೊಂಡು ಚಿತ್ರಾನ್ನ ಬಡಿಸಿದಳು. ತಿಂದು ನೋಡಿ ಉಪ್ಪು ಕಡಿಮೆಯಾಯಿತು ಎಂದೆ. ಉಪ್ಪು ಸರಿಯಾಗಿಯೇ ಇತ್ತು.

ನಿಂಗಿ ಮುಡಿ ಕೊಟ್ಟು ಬೋಳುತಲೆಗೆ ಟೋಪಿ ಹಾಕಿಕೊಂಡು ವಿಮಾನ ಹತ್ತಿದಳು. ಹೋಗುವುದಕ್ಕೆ ಮುಂಚೆ ಹದಿನೈದು ದಿನ ಕೂರಿಸಿಕೊಂಡು ಮೂಲೆ ತಿರುಗಿಸುವುದನ್ನು ಹೇಳಿಕೊಟ್ಟೆ. ಅರ್ಧಂಬರ್ಧ ಬಂತು. ಈಗ ಅಲ್ಲಿಂದ ಫೋನಿನಲ್ಲಿ ಮುಖ ತೋರಿಸಿಕೊಂಡು ಮಾತಾಡುತ್ತಾಳೆ. ಹಿಂದೆ ಮಕ್ಕಳ ಗಲಾಟೆ ಕೇಳುತ್ತದೆ. ಅವಳನ್ನು ಟೀಚರ್ ಎಂದು ಕರೆಯುತ್ತಾರಂತೆ. ಆ ಒಂದು ಮಾತನ್ನು ಅವಳು ನನ್ನ ಹತ್ತಿರ ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ಏನನ್ನಾದರೂ ಹೇಳದೆ ಇರುವುದು ಅವಳಿಗೆ ಬರುವುದಿಲ್ಲ. “ಅಕ್ಕ, ನೀನು ಬಂದಿದ್ರೆ ಚೆನ್ನಾಗಿರದು” ಅನ್ನುತ್ತಾಳೆ. “ಆ ಚಳಿಗೆ ಯಾರು ಬತ್ತಾರವ್ವ, ನೀನೇ ಇರು” ಅನ್ನುತ್ತೇನೆ. ಫೋನು ಇಟ್ಟ ಮೇಲೆ ಸುಮಾರು ಹೊತ್ತು ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ಕಣ್ಣು ಮಂಜು ಎಂದು ಹೇಳಿದ್ದೇನೆ. ಶೋಭಾ ಹಾಸನದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸೋಣ ಅನ್ನುತ್ತಿದ್ದಾಳೆ.

ಇಷ್ಟನ್ನು ಬರೆದು ಮುಗಿಸಿದ ಮೇಲೆ ಒಂದು ತೊಂದರೆ ಹೊಳೆಯಿತು. ನನ್ನ ಒತ್ತಕ್ಷರ ಯಾವಾಗಲೂ ತಪ್ಪು, ತಿದ್ದುವವಳು ಶೋಭಾ ಒಬ್ಬಳೇ. ಕೊಟ್ಟರೆ ಎಲ್ಲವನ್ನೂ ಓದುತ್ತಾಳೆ, ಎರಡನೇ ಸಲ ಕಿಟಕಿಯ ಮುಂದೆ ನಿಂತು ನಾನು ಆಡಿದ ಮಾತು ಅವಳ ಕಣ್ಣಿಗೆ ಬಿದ್ದೇ ಬೀಳುತ್ತದೆ. ಆ ಪುಟವನ್ನು ಹರಿಯಬೇಕು ಎಂದು ಎರಡು ಸಲ ಕೈಗೆ ತೆಗೆದುಕೊಂಡೆ, ಆಗಲಿಲ್ಲ. ಇರಲಿ. ಓದಿ ಬಂದು ಕೇಳಿದರೆ, ಅದೆಲ್ಲ ವೀಸಾ ಸಿಗಲಿ ಅಂತ ಹೇಳಿದ ಸುಳ್ಳು ಕಣೇ ಅಂದುಬಿಡುತ್ತೇನೆ. ನಂಬುತ್ತಾಳೆ. ಇಷ್ಟು ವರ್ಷ ನಾನು ನಡೆದುಕೊಂಡು ಬಂದ ರೀತಿಗೆ ಅವಳು ನಂಬದೆ ಇರಲು ಕಾರಣವೇ ಇಲ್ಲ.